ಕಾವೇರಿಯ ಹಾಳುಗಡ್ಡೆಗಳಲ್ಲಿ ದೊಡ್ಡರೋಗದ ಬೆನ್ನುಹತ್ತಿ

ನಮ್ಮ ಇಲಾಖೆಗೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನನ್ನು ನೋಡಲು ಬರುತ್ತಾರೆ. ಯಾವ ಊರಿಗೆ ವರ್ಗ ಮಾಡಿಸಿಕೊಂಡರೆ ಸುಖ ಎಂದು ಕೇಳುತ್ತಾರೆ. ದನದ ಡಾಕ್ಟರಾದವನು ದನ ಇರುವ ಕಡೆಗೆ ಹೋಗಬೇಕು, ಅಲ್ಲಿಗೆ ರಸ್ತೆ ಇದ್ದರೆ ಅದು ಅವನ ಪುಣ್ಯ. ನನ್ನನ್ನಂತೂ ಈ ಕೆಲಸ ಹೊಳೆಯ ನಡುವೆ ಜನ ಬಿಟ್ಟುಹೋಗಿದ್ದ ಗಡ್ಡೆಗಳವರೆಗೆ ಎಳೆದುಕೊಂಡು ಹೋಯಿತು. ಆ ಕಥೆಯನ್ನು ಎಷ್ಟೋ ಸಲ ಬಾಯಲ್ಲಿ ಹೇಳಿದ್ದೇನೆ. ಬರೆದಿಡು ಎಂದು ಮಗಳು ಒತ್ತಾಯ ಮಾಡಿದ್ದರಿಂದ ಈಗ ಬರೆಯುತ್ತಿದ್ದೇನೆ.

ಮೂವತ್ತರ ದಶಕದ ಮಾತು. ಮಂಡ್ಯ ಆಗಿನ್ನೂ ಮೈಸೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಹೊಸ ನಾಲೆಯ ನೀರು ಹರಿದು ಕೊತ್ತತ್ತಿಯ ಸುತ್ತಮುತ್ತ ರಾಗಿ ಹೊಲಗಳೆಲ್ಲ ಕಬ್ಬು, ಭತ್ತದ ಗದ್ದೆಗಳಾಗುತ್ತಿದ್ದವು. ನನಗೆ ಮಳವಳ್ಳಿಯಲ್ಲಿ ಇನ್‌ಸ್ಪೆಕ್ಟರ್ ಕೆಲಸ. ಕೈಯಲ್ಲಿ ಒಂದು ಸೈಕಲ್ಲು, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸೂಜಿ, ಪಿಚಕಾರಿ, ಥರ್ಮಾಮೀಟರು. ದನಗಳ ಮಹಾಮಾರಿಯಾದ ದೊಡ್ಡರೋಗ ತಡೆಯಲೆಂದು ಬೆಂಗಳೂರಿನಿಂದ ಬಂದ ಸೀರಂ ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಿಸಿಲು ತಾಕದಂತೆ ಕೊಂಡೊಯ್ಯಬೇಕಿತ್ತು. ಆಡಿನ ಮೈಯಲ್ಲಿ ಬೆಳೆಸಿ ಮಾಡುವ ಲಸಿಕೆ ನಮ್ಮ ಕೈಗೆ ಬಂದದ್ದು ಆಮೇಲೆ. ಅದನ್ನು ಒಂದು ಸಲ ಹಾಕಿದರೆ ದನಕ್ಕೆ ಬಹುಕಾಲ ರಕ್ಷಣೆ. ಸೀರಮ್ಮಿನ ಬಲ ಕೆಲವೇ ದಿನಗಳದು, ಅದೂ ರೋಗ ಇನ್ನೂ ತಗಲದ ದನಕ್ಕೆ ಮಾತ್ರ.

ಈ ಕೊನೆಯ ಮಾತು ಜನರಿಗೆ ಗೊತ್ತಿರಲಿಲ್ಲ, ಅದೇ ನಮ್ಮ ದೊಡ್ಡ ಪಾಡು. ಆ ವರ್ಷ ದೊಡ್ಡರೋಗ ಕಾಣಿಸಿಕೊಂಡಿತು. ಬಾಯಿ ಹುಣ್ಣಾಗಿ, ಕಣ್ಣಲ್ಲಿ ನೀರು ಸುರಿದು, ಭೇದಿ ಕಿತ್ತುಕೊಂಡು ದನ ವಾರದೊಳಗೆ ಮಲಗಿಬಿಡುತ್ತಿತ್ತು. ಕೊತ್ತತ್ತಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ ನಾವು ಸೀರಂ ಹಾಕುವ ಹೊತ್ತಿಗೆ ರೋಗ ಆಗಲೇ ಕೊಟ್ಟಿಗೆಗಳ ಒಳಗೆ ಕೂತಿತ್ತು. ಹಾಕಿಸಿಕೊಂಡ ದನಗಳಲ್ಲಿ ಅರ್ಧದಷ್ಟು ಸತ್ತವು. ಹಾಕದಿದ್ದರೂ ಅವು ಸಾಯುತ್ತಿದ್ದವು. ಆದರೆ ‘ಸರ್ಕಾರದವರು ಸೂಜಿ ಚುಚ್ಚಿದರೆ ದನ ಸಾಯುತ್ತದೆ’ ಎಂಬ ಸುದ್ದಿ ಮದ್ದೂರಿನ ಸಂತೆಗೆ ಹೋಯಿತು, ಅಲ್ಲಿಂದ ಮಳವಳ್ಳಿಗೆ ಬಂತು. ನಾನು ಸೈಕಲ್ಲಿನಲ್ಲಿ ಯಾವ ಊರಿಗೆ ಹೋದರೂ ಸುದ್ದಿ ನನಗಿಂತ ಮುಂಚೆ ಅಲ್ಲಿ ಕೂತಿರುತ್ತಿತ್ತು. ಕೊಟ್ಟಿಗೆಗಳಲ್ಲಿ ಹಸಿ ಸಗಣಿ ಕಾಣುತ್ತಿತ್ತು, ದನ ಕಾಣುತ್ತಿರಲಿಲ್ಲ.

ಆಗ ಮೈಸೂರಿನಿಂದ ನಮ್ಮ ಸೂಪರಿಂಟೆಂಡೆಂಟರು ಬಂದಿಳಿದರು. ಅವರ ಹೆಸರು ಬೇಡ, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಮುಚ್ಚುಕೋಟು, ಜರಿಯಂಚಿನ ಪೇಟ, ಹಣೆಯ ಮೇಲೆ ಅಕ್ಷತೆ. ಮಾತು ಕಡಿಮೆ. ನಗುವುದನ್ನು ಯಾರೂ ಕಂಡವರಿಲ್ಲ. ಇವರು ದನದ ಮೈ ಮುಟ್ಟಿ ಎಷ್ಟು ವರ್ಷವಾಯಿತೋ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಅವರನ್ನು ಕರೆದುಕೊಂಡು ಹೊಳೆಮಾಳ ಎಂಬ ನದಿಯಂಚಿನ ಹಳ್ಳಿಗೆ ಹೋದೆ. ಪಕ್ಕದ ಊರಿನಲ್ಲಿ ರೋಗ ಇತ್ತು, ಇಲ್ಲಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಚಿಕ್ಕಣ್ಣ ಎಂಬ ಒಕ್ಕಲಿಗನ ಮನೆಯ ದನ ಪೂರಾ ಮಾಯವಾಗಿವೆ ಎಂದು ಪಟೇಲರು ತಿಳಿಸಿದರು. ಒಂದು ಜೊತೆ ಎತ್ತು, ಒಂದು ಹಸು, ಅದರ ಕರು. ಚಿಕ್ಕಣ್ಣನನ್ನು ಕರೆಸಿದೆವು. ಅವನು ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು ನೆಲ ನೋಡುತ್ತ ನಿಂತ.

“ದನ ಎಲ್ಲಯ್ಯಾ?” ಎಂದರು ಸಾಹೇಬರು.

“ನನ್ ಎಂಡ್ತಿ ತೌರಿಗೆ ಒಡ್ಕೊಂಡ್ ಓದ್ಳು ಬುದ್ಧಿ. ಮದ್ದೂರ್ ತಾವ.”

“ಮದ್ದೂರಿಗೆ ಮಳವಳ್ಳಿ ಮೇಲೇ ಹೋಗಬೇಕಲ್ಲ? ಅಲ್ಲಿ ದಾರಿಗೆ ಕಾವಲು ಹಾಕಿದೀವಿ. ಒಂದು ದನಾನೂ ದಾಟಿಲ್ಲ.”

ಚಿಕ್ಕಣ್ಣನ ಕಣ್ಣು ಒಂದು ಗಳಿಗೆ ಹೊಳೆಯ ಕಡೆ ಹೋಗಿ ಬಂತು. ಸಾಹೇಬರು ಅದನ್ನು ಕಂಡರು, ನಾನೂ ಕಂಡೆ.

ಆ ಭಾಗದಲ್ಲಿ ಕಾವೇರಿ ದೊಡ್ಡ ದೊಡ್ಡ ಬಂಡೆಗಳನ್ನು ಸೀಳಿಕೊಂಡು ಹಲವು ಕವಲಾಗಿ ಹರಿಯುತ್ತದೆ. ಕವಲುಗಳ ನಡುವೆ ಗಡ್ಡೆಗಳು. ಹಿಂದೆ ಅವುಗಳಲ್ಲಿ ಒಕ್ಕಲು ಇತ್ತು. ದೊಡ್ಡ ನೆರೆ ಬಂದಾಗ ಮನೆಗಳು ಬಿದ್ದವು, ಉಳಿದವರನ್ನು ಚಳಿಜ್ವರ ಓಡಿಸಿತು. ಕಂದಾಯದವರ ಮಾತಿನಲ್ಲಿ ಇಂಥವಕ್ಕೆ ಬೇಚರಾಕ್ ಎನ್ನುತ್ತಾರೆ, ದೀಪ ಹಚ್ಚುವವರಿಲ್ಲದ ಊರು. ನೀರು ತಗ್ಗಿದಾಗ ದನ ಹೊಡೆದುಕೊಂಡು ಹಾಯ್ದು ಹೋಗಬಹುದಿತ್ತು, ಆದರೂ ಸೌದೆಗೂ ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ.

ಚಿಕ್ಕಣ್ಣ ಹೋದ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. “ಆ ದನಗಳಿಗೆ ರೋಗ ತಗಲಿದ್ದರೆ, ಸತ್ತವನ್ನ ಹೊಳೆಗೆ ನೂಕ್ತಾರೆ. ಕೆಳಗಿನ ಊರುಗಳ ದನವೆಲ್ಲ ಇದೇ ನೀರು ಕುಡಿಯೋದು. ಬೆಳಿಗ್ಗೆ ಗಡ್ಡೆಗಳಿಗೆ ಹೋಗೋಣ.”

“ತಾವೂ ಬರ್ತೀರಾ ಸಾರ್?”

“ಯಾಕೆ, ಹರಿಗೋಲಿನಲ್ಲಿ ನನಗೆ ಜಾಗ ಇಲ್ವೇನ್ರೀ?”

ಹರಿಗೋಲು ಬೋರಯ್ಯನದು. ಅವನು ಐವತ್ತು ದಾಟಿದ ಅಂಬಿಗ. ಯಾವ ವಿಷಯಕ್ಕೂ ಅವನಲ್ಲಿ ಖಂಡಿತವಾದ ಉತ್ತರವಿರುತ್ತಿತ್ತು, ಅದು ಅರ್ಧಕ್ಕರ್ಧ ತಪ್ಪಾಗಿರುತ್ತಿತ್ತು. ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. “ಇವತ್ತು ನೀರು ಏರಾಕಿಲ್ಲ ಬುದ್ಧಿ, ನಾನ್ ಯೋಳ್ತೀನಿ ಕೇಳಿ. ಮಳೆ ಎಲ್ ಬಂದದೆ?” ಎಂದ. ಮಳವಳ್ಳಿಯಲ್ಲಿ ಮಳೆ ಇಲ್ಲದಿದ್ದರೂ ವೈನಾಡಿನಲ್ಲಿ ಬಿದ್ದರೆ ಕಪಿಲೆ ತುಂಬಿ ಬಂದು ಇಲ್ಲಿಯ ಹೊಳೆ ಏರುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆ ಬಿಸಿಲಿನಲ್ಲಿ ಇಬ್ಬರಿಗೂ ನೆನಪಾಗಲಿಲ್ಲ.

ಮೊದಲನೆಯ ಗಡ್ಡೆಯಲ್ಲಿ ದನ ಇರಲಿಲ್ಲ. ಎಂಟು ಹತ್ತು ಮನೆಗಳ ಮಣ್ಣಿನ ಗೋಡೆಗಳು ಸೊಂಟದೆತ್ತರಕ್ಕೆ ಕರಗಿ ನಿಂತಿದ್ದವು. ಒಂದು ಬಾಗಿಲ ಜಾಗದಲ್ಲಿ ಹುತ್ತ ಬೆಳೆದಿತ್ತು. ಒಂದು ಮನೆಯ ಗೂಡಿನಲ್ಲಿ ದೀಪದ ಮಸಿ ಇನ್ನೂ ಅಂಟಿಕೊಂಡಿತ್ತು. ಅಂಗಳದಲ್ಲಿ ಬಿಟ್ಟುಹೋದ ಒರಳುಕಲ್ಲಿನಲ್ಲಿ ನೀರು ನಿಂತು, ಅದರಲ್ಲಿ ಒಂದು ಕಪ್ಪೆ ಈಜುತ್ತಿತ್ತು. ನಾವು ಮೂವರೂ ಕಾರಣವಿಲ್ಲದೆ ಮೆಲ್ಲನೆ ಮಾತಾಡುತ್ತಿದ್ದೆವು. ಸಾಹೇಬರು ಒರಳಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. “ಹೊತ್ತುಕೊಂಡು ಹೋಗೋಕೆ ಆಗದೆ ಬಿಟ್ಟುಹೋಗಿದಾರೆ, ಪಾಪ” ಎಂದರು. ಅವರ ಬಾಯಿಂದ ‘ಪಾಪ’ ಎಂಬ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಎರಡನೆಯದು ಬರೀ ಬಂಡೆ. ಹರಿಗೋಲು ನಿಲ್ಲಿಸಲು ಜಾಗವಿಲ್ಲ. “ಇಲ್ಲಿ ಇಳೀಬೋದು, ಕಲ್ಲು ಒಣ್ಗದೆ” ಎಂದ ಬೋರಯ್ಯ. ಕಲ್ಲಿನ ಮೇಲೆ ಪಾಚಿ ಇತ್ತು. ಸಾಹೇಬರು ಕಾಲಿಟ್ಟವರೇ ಜಾರಿ ಸೊಂಟದವರೆಗೆ ನೀರಿಗೆ ಇಳಿದರು. ಅವರನ್ನು ಹಿಡಿಯಲು ನಾನು ಬಗ್ಗಿದಾಗ ಪೆಟ್ಟಿಗೆ ಬಂಡೆಗೆ ಬಡಿದು ಥರ್ಮಾಮೀಟರು ಒಡೆಯಿತು. ಸೀರಂ ಬಾಟಲಿಗಳು ಗೋಣಿಯಲ್ಲಿದ್ದುದರಿಂದ ಉಳಿದುಕೊಂಡವು. ಪೇಟ ಮಾತ್ರ ಸೆಳವಿಗೆ ಸಿಕ್ಕಿ ಬಾತುಕೋಳಿಯ ಹಾಗೆ ತೇಲಿಕೊಂಡು ಹೊರಟಿತು. ಬೋರಯ್ಯ ಹುಟ್ಟಿನಿಂದ ಎರಡು ಸಲ ಎಟುಕಿಸಲು ನೋಡಿದ, ಸಿಗಲಿಲ್ಲ. ಈಗ ಸಿಡಿಯುತ್ತಾರೆ ಎಂದುಕೊಂಡೆ. ಅವರು ಬೋಳುತಲೆಯ ಮೇಲಿನ ನೀರು ಒರೆಸಿಕೊಂಡು, “ಹೋಗಲಿ, ತಲೆ ಉಳೀತಲ್ಲ” ಎಂದರು.

ಮೂರನೆಯ ಗಡ್ಡೆ ಎಲ್ಲಕ್ಕಿಂತ ದೊಡ್ಡದು. ನಡುವೆ ಎತ್ತರದಲ್ಲಿ ಒಂದು ಹಾಸುಬಂಡೆ, ಹಿಂದಿನ ಒಕ್ಕಲು ಅದನ್ನೇ ಕಣ ಮಾಡಿಕೊಂಡು ರಾಗಿ ಬಡಿಯುತ್ತಿದ್ದರಂತೆ. ದಡದ ಮರಳಿನಲ್ಲಿ ಗೊರಸಿನ ಗುರುತು, ಹಸಿ ಸಗಣಿ. ನಾನು ಬಾಯಿ ತೆರೆಯುವ ಮೊದಲೇ ಪೊದೆಯ ಹಿಂದಿನಿಂದ ಒಬ್ಬ ಹೆಂಗಸು ಎದ್ದು ಬಂದು ಎದುರಿಗೆ ನಿಂತಳು. ಸೀರೆ ಎತ್ತಿ ಕಟ್ಟಿದ್ದಳು, ಕೈಯಲ್ಲಿ ಮಚ್ಚು. ಚಿಕ್ಕಣ್ಣನ ಹೆಂಡತಿ ಕಾಳಮ್ಮ.

“ಬೋರಣ್ಣ, ನೀನಾ ಇವ್ರನ್ನ ಕರ್ಕೊಂಡ್ ಬಂದೋನು? ಮೊದ್ಲು ತಿರುಗ್ಸು ಅರಿಗೋಲ!”

“ಸಾಹೇಬ್ರು ಕಣಮ್ಮ, ಮೈಸೂರ್ನೋರು. ಮಚ್ಚು ಇಳಿಸು.”

“ಯಾರಾದ್ರೆ ನಂಗೇನು? ಅಲ್ಲಿ ಸೂಜಿ ಚುಚ್ಚಿ ಊರೂರೇ ದನ ಮಲಗ್ಸವ್ರೆ. ನಂದಿರೋದೇ ಇವು. ಮುಟ್ಟಿ ನೋಡಿ, ಆಮ್ಯಾಕೆ ಗೊತ್ತಾಯ್ತದೆ.”

ಸಾಹೇಬರು ಹರಿಗೋಲಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಕೇಳಿದರು: “ನೀವು ಹೇಳೋವರೆಗೆ ನಾವು ಯಾವುದನ್ನೂ ಮುಟ್ಟೋಲ್ಲಮ್ಮ. ದನ ಚೆನ್ನಾಗಿ ಮೇಯ್ತಾ ಇವೆಯಾ?”

ಅವಳು ಮಚ್ಚಿನ ತುದಿಯಿಂದ ಮರಳು ಕೆದಕುತ್ತ ಹೇಳಿದಳು: “ಕರ ಒಂದು ಮೊನ್ನಿಂದ ಮೇಯ್ತಾ ಇಲ್ಲ. ಬಾಯಲ್ಲಿ ಜೊಲ್ಲು ಸುರೀತದೆ. ಕಣ್ಣಲ್ಲೂ ನೀರು. ಉಚ್ಕೊಳ್ತಾನೂ ಅದೆ.”

ಜೊಲ್ಲು, ಕಣ್ಣೀರು, ಭೇದಿ. ನಮ್ಮ ಪುಸ್ತಕದಲ್ಲಿ ದೊಡ್ಡರೋಗಕ್ಕೆ ಬರೆದಿರುವ ಲಕ್ಷಣಗಳು ಇವೇ. ಸಾಹೇಬರು ನನ್ನ ಮುಖ ನೋಡಿದರು. ಕರು ಹೋದರೆ ಹಸು ಹೋಗುತ್ತದೆ, ಎತ್ತುಗಳು ಹೋಗುತ್ತವೆ, ಆಮೇಲೆ ಹೊಳೆಯ ಕೆಳಗಿನ ಊರುಗಳು. ಅವಳಿಗೂ ಅದು ಗೊತ್ತಿತ್ತು.

“ನಾನೇ ಕೊಂದ್ಬುಟ್ನಾ ಸ್ವಾಮಿ ಇಲ್ಲಿಗೆ ತಂದು?” ಎಂದಳು.

“ಮೊದಲು ನೋಡೋಣ ತಾಯಿ” ಎಂದೆ. ಆಗ ಅವಳು ದಾರಿ ಬಿಟ್ಟಳು.

ದನಗಳನ್ನು ಹುಣಸೆಮರದ ಕೆಳಗೆ ಕಟ್ಟಿದ್ದಳು. ನಾವು ಅಲ್ಲಿಗೆ ನಡೆಯುತ್ತಿದ್ದಂತೆ ಹಿಂದಿನಿಂದ ಬೋರಯ್ಯ ಕೂಗಿಕೊಂಡ: “ನೀರ್ ಏರ್ತಾ ಅದೆ ಬುದ್ಧಿ! ಬಿರ್‍ರನೆ ಏರ್ತಾ ಅದೆ!” ತಿರುಗಿ ನೋಡಿದರೆ ನಾವು ಇಳಿದ ಮರಳು ಮುಳುಗಿತ್ತು. ಹೊಳೆಯ ಬಣ್ಣವೇ ಕೆಂಪಾಗಿತ್ತು, ಬುಡಸಮೇತ ಕಿತ್ತ ಗಿಡಗಳು ಸುತ್ತುತ್ತ ಬರುತ್ತಿದ್ದವು. ಆ ಸೆಳವಿನಲ್ಲಿ ಹರಿಗೋಲು ಬಿಡುವ ಹಾಗಿರಲಿಲ್ಲ. ಬೋರಯ್ಯನೂ ನಾನೂ ಅದನ್ನು ತಲೆಯ ಮೇಲೆ ಹೊತ್ತು ಮೇಲಕ್ಕೆ ಓಡಿದೆವು. ಕಾಳಮ್ಮ ಎತ್ತುಗಳ ಹಗ್ಗ ಮಚ್ಚಿನಿಂದ ಕಡಿದು ಹಾಸುಬಂಡೆಯ ಕಡೆ ಅಟ್ಟಿದಳು. ಕರುವಿಗೆ ನಡೆಯಲು ತ್ರಾಣವಿರಲಿಲ್ಲ. ನಾನು ಹರಿಗೋಲು ಇಳಿಸಿ ತಿರುಗಿ ಬರುವಷ್ಟರಲ್ಲಿ ಸಾಹೇಬರು ಅದನ್ನು ಎರಡು ತೋಳಲ್ಲಿ ಅವುಚಿಕೊಂಡು ಏರು ಹತ್ತುತ್ತಿದ್ದರು. ಕರುವಿನ ಜೊಲ್ಲು ಅವರ ಮುಚ್ಚುಕೋಟಿನ ಮೇಲೆ ಉದ್ದಕ್ಕೂ ಸುರಿಯುತ್ತಿತ್ತು. ಹಸು ಅವರ ಹಿಂದೆಯೇ ಮೂಸುತ್ತ ಬರುತ್ತಿತ್ತು.

ನಾವು ನಾಲ್ವರು, ನಾಲ್ಕು ದನ, ಒಂದು ಹರಿಗೋಲು ಆ ಬಂಡೆಯ ಮೇಲೆ. ನೋಡುತ್ತಿದ್ದಂತೆ ಹುಣಸೆಮರದ ಬುಡಕ್ಕೆ ನೀರು ಬಂತು. ಬೋರಯ್ಯ ಗಂಗಮ್ಮನಿಗೆ ಕೈಮುಗಿದು, ಮೂರು ಮೂರು ಸಲ ತಪ್ಪೊಪ್ಪಿಕೊಂಡ. ಸೂರ್ಯ ಇನ್ನೂ ಮೇಲಿದ್ದ. ಬೆಳಕಿಗೆ ಏನೂ ಕೊರತೆ ಇರಲಿಲ್ಲ. ಸಾಹೇಬರು ಕೋಟು ಬಿಚ್ಚಿ ಬಂಡೆಯ ಮೇಲೆ ಹಾಸಿದರು.

“ಇಲ್ಲಿ ಕೂತು ಮಾಡೋಕೆ ಬೇರೆ ಕೆಲಸ ಏನಿದೆ? ಕರುವಿನ ಬಾಯಿ ತೆಗೀರಿ” ಎಂದರು.

ಕಾಳಮ್ಮ ಕರುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ದವಡೆ ಅಗಲಿಸಿದೆ. ಕೆಟ್ಟ ನಾತ ಬಡಿಯಿತು. ದೊಡ್ಡರೋಗದಲ್ಲಿ ವಸಡಿನ ಮೇಲೆ, ತುಟಿಯ ಒಳಗೆ ತೌಡು ಎರಚಿದ ಹಾಗೆ ಬಿಳಿಪುಡಿ ಕಾಣುತ್ತದೆ, ಒರೆಸಿದರೆ ಕೆಳಗೆ ಹುಣ್ಣು. ನಾನು ವಸಡು ನೋಡಿದೆ. ಕೆಂಪಗೆ, ನುಣ್ಣಗೆ ಇತ್ತು. ತುಟಿ ಮಡಿಸಿ ನೋಡಿದೆ. ಅಲ್ಲೂ ಏನೂ ಇಲ್ಲ. ನಂಬಿಕೆ ಬರಲಿಲ್ಲ.

“ಸರಿಯಾಗಿ ನೋಡಿದ್ರೇನ್ರೀ?”

“ತೌಡು ಕಾಣ್ತಿಲ್ಲ ಸಾರ್.”

“ಪಕ್ಕಕ್ಕೆ ಸರೀರಿ.” ಅವರು ಮೊಣಕಾಲೂರಿ ಕೂತು, ತೋಳು ಮಡಿಸಿ, ಕರುವಿನ ಬಾಯೊಳಗೆ ಕೈ ಹಾಕಿದರು. ಕಣ್ಣು ಮುಚ್ಚಿಕೊಂಡಿದ್ದರು. ಬೆರಳು ಅಂಗುಳದ ಮೇಲೆ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದ್ದದ್ದು ಕೆನ್ನೆಯ ಹೊರಗಿನಿಂದಲೇ ನನಗೆ ತಿಳಿಯುತ್ತಿತ್ತು. ಕರು ಕಾಲು ಜಾಡಿಸಿತು. ಸಾಹೇಬರ ಹುಬ್ಬು ಮೇಲಕ್ಕೆ ಹೋಯಿತು.

“ಏನೋ ಇದೆ. ಗಟ್ಟಿಯಾಗಿ ಹಿಡ್ಕೊಳಿ.”

ಒಂದು ಸಲ ಎಳೆದರು, ಬರಲಿಲ್ಲ. ಕೈ ತಿರುಗಿಸಿ ಇನ್ನೊಂದು ಸಲ ಎಳೆದರು. ‘ಟಕ್’ ಎಂದಿತು. ಕೈ ಹೊರಗೆ ಬಂದಾಗ ಬೆರಳಿನ ನಡುವೆ ಒಂದು ಕಡ್ಡಿ ಇತ್ತು. ಹುಣಸೆಯ ಕಡ್ಡಿ, ನನ್ನ ಕಿರುಬೆರಳಿನಷ್ಟು ಉದ್ದ. ಎಲೆ ತರಿಯುವಾಗ ಅಂಗುಳಕ್ಕೆ ಅಡ್ಡವಾಗಿ, ಎರಡು ಕಡೆಯ ದವಡೆಹಲ್ಲುಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಕೊಳೆಯುತ್ತಿತ್ತು. ಜೊಲ್ಲು ಅದಕ್ಕೆ. ಕಣ್ಣೀರು ನೋವಿಗೆ. ಭೇದಿ ಆ ಗಡ್ಡೆಯ ಎಳೆಹುಲ್ಲಿಗೆ. ಈಗ ನೋಡಿದರೆ ಎತ್ತುಗಳ ಸಗಣಿಯೂ ತೆಳ್ಳಗೇ ಇತ್ತು, ಅವು ಮಾತ್ರ ಗುಂಡುಕಲ್ಲಿನಂತೆ ನಿಂತಿದ್ದವು.

ಕಾಳಮ್ಮ ಆ ಕಡ್ಡಿಯನ್ನೂ ಸಾಹೇಬರನ್ನೂ ಮತ್ತೆ ಮತ್ತೆ ನೋಡಿದಳು. “ಇಷ್ಟೇಯಾ?” ಎಂದಳು.

“ಇಷ್ಟೇ ಕಣಮ್ಮ” ಎಂದರು ಸಾಹೇಬರು. ಅವರಿಗೂ ‘ಕಣಮ್ಮ’ ಬಂದುಬಿಟ್ಟಿತ್ತು.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ನಕ್ಕಳು, ಕೊನೆಗೆ ಕರುವಿನ ಬೆನ್ನಿಗೆ ಒಂದು ಏಟು ಕೊಟ್ಟು, “ಮೂದೇವಿ, ಪ್ರಾಣ ತಿಂದ್ಬುಟ್ಟಲ್ಲೇ!” ಎಂದು ಬೈದಳು. ನಾನು ಬಂಡೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ. ಸುತ್ತ ಹೊಳೆ ಭೋರ್ಗರೆಯುತ್ತಿತ್ತು. ಆದರೂ ಮನೆಯ ಜಗಲಿಯಲ್ಲಿ ಮಲಗಿದಷ್ಟು ಹಗುರವಾಗಿತ್ತು ನನಗೆ. ಸ್ವಲ್ಪ ಹೊತ್ತಿನಲ್ಲೇ ಕರು ತಾಯಿಯ ಕೆಚ್ಚಲಿಗೆ ಹೋಗಿ ಮೂತಿ ಇಟ್ಟಿತು.

ಅವಳ ಬುತ್ತಿಯಲ್ಲಿ ಉಳಿದಿದ್ದ ರಾಗಿರೊಟ್ಟಿಯನ್ನು ನಾಲ್ವರೂ ಮುರಿದುಕೊಂಡೆವು. ನೀರು ಬಂಡೆಯ ಬುಡ ಮುಟ್ಟಿತು, ಅದರ ಮೇಲೆ ಏರಲಿಲ್ಲ. ಬೆಳಗಾಗುವಾಗ ಹುಣಸೆಮರದ ಸುತ್ತ ಕೆಸರು ಕಾಣುತ್ತಿತ್ತು. ಹೊಳೆ ಇಳಿಯತೊಡಗಿತ್ತು.

ದೂರದ ದಡದಲ್ಲಿ ಜನ ಸೇರಿದ್ದರು. ಚಿಕ್ಕಣ್ಣ ಟವೆಲು ಬೀಸುತ್ತಿದ್ದ. ನಾವು ಸೆಳವು ಇನ್ನಷ್ಟು ತಗ್ಗಲಿ ಎಂದು ಕಾದೆವು. ಆ ಬಿಡುವಿನಲ್ಲಿ ನಾನು ಕಾಳಮ್ಮನಿಗೆ ಸೀರಂ ವಿಷಯ ಮೊದಲಿನಿಂದ ಹೇಳಿದೆ. ರೋಗ ಒಳಹೊಕ್ಕ ಮೇಲೆ ಅದರಿಂದ ಏನೂ ಆಗದು, ಮೊದಲೇ ಹಾಕಿದರೆ ಕಾಯುತ್ತದೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಇದ ಅವತ್ತೇ ಯೋಳ್ಬಾರ್ದಾಗಿತ್ತಾ? ಬಂದೋರೇ ಪೆಟ್ಗೆ ಬಿಚ್ತೀರಿ, ಚುಚ್ತೀರಿ, ಓಯ್ತೀರಿ. ಜನ ಎದ್ರದೆ ಇನ್ನೇನ್ ಮಾಡಾರು?”

ಸಾಹೇಬರು ತಲೆಯಾಡಿಸಿದರು. “ಸರಿಯಾಗೇ ಹೇಳಿದೆಯಮ್ಮ.”

ಅವಳೇ ಎದ್ದು ಎತ್ತಿನ ಮೂಗುದಾರ ಹಿಡಿದು ನಿಂತಳು. ಹರಿಗೋಲಿನ ಜೊತೆ ಮೇಲಕ್ಕೆ ತಂದಿದ್ದ ಪೆಟ್ಟಿಗೆ ಬಿಚ್ಚಿ ನಾನು ನಾಲ್ಕಕ್ಕೂ ಸೂಜಿ ಹಾಕಿದೆ.

ದಾಟುವಾಗ ಕರುವನ್ನು ಹರಿಗೋಲಿನೊಳಗೆ ಹಾಕಿಕೊಂಡೆವು. ಅದು ಬಾಯಿ ನೋವು ಕಳೆದ ಖುಷಿಗೋ ಏನೋ ಒಂದೇ ಸಮನೆ ಅರಚತೊಡಗಿತು. ಹಸು ಅದರ ದನಿಯ ಹಿಂದೆ ನೀರಿಗೆ ಬಿತ್ತು, ಹಸುವಿನ ಹಿಂದೆ ಎತ್ತುಗಳು. ನಡು ಹೊಳೆಯಲ್ಲಿ ಒಂದು ಎತ್ತು ಸೆಳವಿಗೆ ಸಿಕ್ಕಿ ಪಕ್ಕಕ್ಕೆ ಸರಿಯಿತು. ಕೊಂಬಿನ ತುದಿ ಮಾತ್ರ ಕಾಣುತ್ತಿತ್ತು. ಕಾಳಮ್ಮ ಹರಿಗೋಲಿನಂಚಿಗೆ ಬಗ್ಗಿ ಅದರ ಹೆಸರು ಹಿಡಿದು ಕೂಗಿದಳು: “ಬಾ ಮಾರಾ, ಬಾ ನನ್ನಪ್ಪ, ಬಾರೋ!” ಬೋರಯ್ಯ ಹುಟ್ಟು ಹಾಕುವುದನ್ನೇ ಮರೆತ. ಎತ್ತು ತಲೆ ಎತ್ತಿತು, ಮೂಗಿನಿಂದ ನೀರು ಚಿಮ್ಮಿಸಿತು, ಮತ್ತೆ ಈಜಿತು. ಅದರ ಕಾಲಿಗೆ ಮರಳು ಸಿಕ್ಕಿ ಭುಜ ಮೇಲೆದ್ದಾಗ ದಡದ ಜನವೆಲ್ಲ ಒಟ್ಟಿಗೆ ಕೂಗಿದರು. ಚಿಕ್ಕಣ್ಣ ಎದೆಮಟ್ಟದ ನೀರಿಗೆ ಬಂದು ಅದರ ಕೊರಳು ತಬ್ಬಿಕೊಂಡ.

ಸಾಹೇಬರು ಅವನಿಗೆ ಒಂದು ಮಾತೂ ಬೈಯಲಿಲ್ಲ. ಅರಳಿಕಟ್ಟೆಯ ಮೇಲೆ ಬರಿ ಅಂಗಿಯಲ್ಲಿ, ಬೋಳುತಲೆಯಲ್ಲಿ ಕೂತು, ನಾನು ಗಡ್ಡೆಯ ಮೇಲೆ ಕಾಳಮ್ಮನಿಗೆ ಹೇಳಿದ್ದನ್ನೇ ಊರವರಿಗೆಲ್ಲ ಬಿಡಿಸಿ ಹೇಳಿದರು. ಅನುಮಾನಪಟ್ಟು ಹಿಂದೆ ನಿಂತವರಿಗೆ ಕಾಳಮ್ಮನೇ ಜವಾಬು ಕೊಟ್ಟಳು: “ನನ್ ದನಕ್ಕೆ ಆಕ್ಸಿವ್ನಿ. ಇಲ್ಲೇ ನಿಂತವೆ, ನೋಡ್ಕಳಿ. ಸತ್ರೆ ನಾನ್ ಅವ್ನಿ ಕೇಳಾಕೆ. ತಕ್ಕೊಂಡ್ ಬನ್ನಿ ನಿಮ್ಮವನ್ನೂ.”

ದನಗಳು ಬರತೊಡಗಿದವು. ಕಬ್ಬಿನ ಗದ್ದೆಯೊಳಗಿಂದ, ಹಿತ್ತಿಲಿನಿಂದ, ಒಂದು ಮನೆಯ ಅಡುಗೆಕೋಣೆಯಿಂದ ಕೂಡ. ನಮ್ಮ ಸೀರಂ ಸಾಲದೆ ಮಳವಳ್ಳಿಯಿಂದ ಮತ್ತೆ ತರಿಸಬೇಕಾಯಿತು. ಆ ಸಲ ಹೊಳೆಮಾಳಕ್ಕೆ ರೋಗ ಬರಲೇ ಇಲ್ಲ. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ನಾನು ಮೊದಲು ಕೂತು ಮಾತಾಡಿ, ಆಮೇಲೆ ಪೆಟ್ಟಿಗೆ ಬಿಚ್ಚುತ್ತಿದ್ದೆ. ನಿವೃತ್ತಿಯವರೆಗೂ ಹಾಗೇ ನಡೆಸಿದೆ.

ಅಂದು ಕೊನೆಯ ದನಕ್ಕೆ ಸೂಜಿ ಹಾಕಿ ಕೈ ತೊಳೆದಾಗ ಹೊತ್ತು ಇಳಿದಿತ್ತು. ಹೊರಡುವ ಮೊದಲು ಹೇಳಿಹೋಗೋಣವೆಂದು ಚಿಕ್ಕಣ್ಣನ ಮನೆಗೆ ಹೋದೆವು. ಕಾಳಮ್ಮ ಕೊಟ್ಟಿಗೆಯಲ್ಲಿ, ಮಲಗಿದ್ದ ಎತ್ತಿನ ಪಕ್ಕೆಗೆ ಒರಗಿಕೊಂಡು ನಿದ್ದೆಹೋಗಿದ್ದಳು. ಗಡ್ಡೆಯ ಮೇಲೆ ಅವಳು ಒಂದು ರಾತ್ರಿಯೂ ಕಣ್ಣು ಮುಚ್ಚಿರಲಾರಳು. ಎತ್ತು ಮೆಲುಕು ಹಾಕುತ್ತಿತ್ತು. ಅದರ ಉಸಿರಿಗೆ ಅವಳ ತಲೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಚಿಕ್ಕಣ್ಣ, “ಎಬ್ಬಿಸ್ತೀನಿ ಬುದ್ಧಿ” ಎಂದು ಮುಂದೆ ಹೋದ. ಸಾಹೇಬರು ಅವನ ತೋಳು ಹಿಡಿದು ನಿಲ್ಲಿಸಿದರು. ಅವನು ತಂದುಕೊಟ್ಟ ಮಜ್ಜಿಗೆಯನ್ನು ನಾವು ಬಾಗಿಲಲ್ಲಿ ನಿಂತೇ ಕುಡಿದು, ಲೋಟಗಳನ್ನು ಸದ್ದಾಗದಂತೆ ಕೆಳಗಿಟ್ಟು ಹೊರಬಂದೆವು.